ಹಕ್ಕಿಗಳ ಗಣತಿಯೂ ಬೇಸಾಯವೂ: ಚಾಂಡ್ಲರ್ ರಾಬಿನ್ಸ್ ಅವರ ಜೀವಿತ

ಹೊಲಕ್ಕೆ ಬರುವ ಹಕ್ಕಿಗಳಲ್ಲಿ ತೆನೆಯ ಕಾಳನ್ನು ತಿನ್ನುವುವು ಒಕ್ಕಲಿಗನ ಕಣ್ಣಿಗೆ ಬೇಗನೆ ಬೀಳುತ್ತವೆ. ಪೈರಿನ ಹುಳುಗಳನ್ನು ತಿಂದು ಉಪಕಾರ ಮಾಡುವುವು ಅಷ್ಟಾಗಿ ಬೀಳುವುದಿಲ್ಲ. ಈ ಉಪಕಾರಿಗಳು ಕಡಮೆಯಾಗುತ್ತ ಬಂದರೂ, ವರ್ಷವರ್ಷವೂ ಎಣಿಸಿ ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಆ ನಷ್ಟವು ಯಾರಿಗೂ ತಿಳಿಯದು. ಇಂತಹ ಲೆಕ್ಕವನ್ನು ಉತ್ತರ ಅಮೆರಿಕಾ ಖಂಡದ ಬಹುಭಾಗಕ್ಕೆ ಏರ್ಪಡಿಸಿದವರು ಚಾಂಡ್ಲರ್ ರಾಬಿನ್ಸ್ ಎಂಬ ವಿಜ್ಞಾನಿಗಳು.

ಇವರು 1918ರಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್ ಪ್ರಾಂತದ ಬೆಲ್ಮಾಂಟ್ ಎಂಬ ಊರಿನಲ್ಲಿ ಜನಿಸಿದರು. ಹಾರ್ವರ್ಡ್ ವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿ, ಕೆಲಕಾಲ ಉಪಾಧ್ಯಾಯರಾಗಿದ್ದು, 1943ರಲ್ಲಿ ಮೆರಿಲೆಂಡ್ ಪ್ರಾಂತದ ಪಟಕ್ಸೆಂಟ್ ವನ್ಯಜೀವಿ ಸಂಶೋಧನಾಲಯವನ್ನು ಸೇರಿದರು. ಆಗ ಡಿ.ಡಿ.ಟಿ. ಎಂಬ ಕೀಟನಾಶಕವು ಹೊಸದಾಗಿ ಬಳಕೆಗೆ ಬರುತ್ತಲಿತ್ತು. ರಾಬಿನ್ಸರೂ ಅವರ ಸಹೋದ್ಯೋಗಿಗಳೂ 1945ರಿಂದ ಐದು ವರ್ಷ ಒಂದೇ ಕಾಡಿನಲ್ಲಿ ಎಕರೆಗೆ 2 ಪೌಂಡಿನಂತೆ ಅದನ್ನು ಸಿಂಪಡಿಸಿ ಪರೀಕ್ಷಿಸಲಾಗಿ, ಅಲ್ಲಿನ ಸಾಮಾನ್ಯ ಹಕ್ಕಿಗಳ ಸಂಖ್ಯೆಯು ಸುಮಾರು ಕಾಲು ಭಾಗದಷ್ಟು ತಗ್ಗಿತು.

1960ರ ದಶಕದ ಮೊದಲಲ್ಲಿ ಒಬ್ಬ ಗೃಹಿಣಿಯು ಅವರಿಗೆ ಕಾಗದ ಬರೆದಳು. ಮರಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ತನ್ನ ಊರಿನಲ್ಲಿ ರಾಬಿನ್ ಎಂಬ ಕೆಂಪೆದೆಯ ಹಕ್ಕಿಗಳು ಸಾಯುತ್ತಿವೆಯೆಂದೂ, ದೇಶದಲ್ಲೆಲ್ಲ ಹೀಗೆಯೇ ನಡೆದಿದೆಯೇ ಎಂದೂ ಆಕೆಯ ಪ್ರಶ್ನೆ. ವಿಷವು ಉದುರಿದ ಎಲೆಯಿಂದ ಎರೆಹುಳುವಿಗೂ ಎರೆಹುಳುವಿನಿಂದ ಹಕ್ಕಿಗೂ ಸೇರುವುದೆಂಬುದು ಆ ವೇಳೆಗೆ ಗೊತ್ತಾಗಿದ್ದಿತು. ಆದರೆ ಇಡೀ ದೇಶದಲ್ಲಿ ಹಕ್ಕಿಗಳು ಎಷ್ಟಿದ್ದುವು, ಎಷ್ಟು ಉಳಿದುವು ಎಂದು ಹೇಳಲು ಲೆಕ್ಕವೇ ಇರಲಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ರಾಬಿನ್ಸರು 1966ರಲ್ಲಿ ಮರಿಮಾಡುವ ಹಕ್ಕಿಗಳ ವಾರ್ಷಿಕ ಗಣತಿಯನ್ನು ಪ್ರಾರಂಭಿಸಿದರು.

ಗಣತಿಯ ಕ್ರಮವು ಬಹಳ ಸರಳವಾದುದು. ಸಂಬಳವಿಲ್ಲದ ಸ್ವಯಂಸೇವಕನೊಬ್ಬನು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಗೊತ್ತಾದ ರಸ್ತೆಯಲ್ಲಿ ಹೊರಟು, ಅರ್ಧ ಮೈಲಿಗೊಮ್ಮೆ ನಿಂತು, 3 ನಿಮಿಷ ಕಾಲ ಕಂಡ ಹಾಗೂ ಕೂಗು ಕೇಳಿದ ಹಕ್ಕಿಗಳನ್ನೆಲ್ಲ ಬರೆದುಕೊಳ್ಳುವನು. ಹೀಗೆ 50 ಕಡೆ ನಿಲ್ಲಬೇಕು. ಮರುವರ್ಷವೂ ಅದೇ ರಸ್ತೆ, ಅದೇ ಋತು, ಅದೇ ಕ್ರಮ. ಕ್ರಮವು ಬದಲಾಗದಿರುವುದರಿಂದಲೇ ಒಂದು ವರ್ಷದ ಲೆಕ್ಕವನ್ನು ಇನ್ನೊಂದು ವರ್ಷದ ಲೆಕ್ಕಕ್ಕೆ ಹೋಲಿಸಲು ಸಾಧ್ಯವಾಗುವುದು. ಈ ಗಣತಿಯೇ ಮೊದಲಾದ ಲೆಕ್ಕಗಳ ಆಧಾರದ ಮೇಲೆ, 1970ರಿಂದೀಚೆಗೆ ಆ ಖಂಡದ ಸುಮಾರು 290 ಕೋಟಿ ಹಕ್ಕಿಗಳು ಕಡಮೆಯಾಗಿವೆಯೆಂದೂ, ಹುಲ್ಲುಗಾವಲಿನ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗಿವೆಯೆಂದೂ 2019ರಲ್ಲಿ ಪ್ರಕಟವಾಯಿತು.

ರಾಬಿನ್ಸರು 2005ರಲ್ಲಿ ನಿವೃತ್ತರಾದರೂ ಕೆಲಸವನ್ನು ಬಿಡಲಿಲ್ಲ. ವೇತನವಿಲ್ಲದೆ ಅದೇ ಸಂಶೋಧನಾಲಯದಲ್ಲಿ ಸೇವೆಯನ್ನು ಮುಂದುವರಿಸಿ, 2017ರಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. 1956ರಲ್ಲಿ ಮಿಡ್‌ವೇ ದ್ವೀಪದಲ್ಲಿ ಅವರು ಕಾಲಿಗೆ ಉಂಗುರ ತೊಡಿಸಿದ್ದ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯು 2002ರಲ್ಲಿ ಅವರ ಕೈಗೇ ಮತ್ತೆ ಸಿಕ್ಕಿತು. ‘ವಿಸ್ಡಮ್’ ಎಂದು ಹೆಸರಾದ ಆ ಹಕ್ಕಿಯು 2024ರ ಕೊನೆಯಲ್ಲಿಯೂ ಮೊಟ್ಟೆಯಿಟ್ಟಿತು. ಉಂಗುರದ ಲೆಕ್ಕವನ್ನು ಜೋಪಾನವಾಗಿ ಇಟ್ಟಿರದಿದ್ದರೆ ಹಕ್ಕಿಯೊಂದು ಇಷ್ಟು ಕಾಲ ಬಾಳುವುದೆಂಬುದು ತಿಳಿಯುತ್ತಿರಲಿಲ್ಲ.

ಡಿ.ಡಿ.ಟಿ.ಯನ್ನು ಅಮೆರಿಕಾದಲ್ಲಿ 1972ರಲ್ಲಿಯೂ, ಭಾರತದ ಬೇಸಾಯದಲ್ಲಿ 1989ರಲ್ಲಿಯೂ ನಿಷೇಧಿಸಲಾಯಿತು. ಆದರೆ ಎಣಿಸುವ ಕೆಲಸವು ಮುಗಿದಿಲ್ಲ. ನಮ್ಮ ದೇಶದಲ್ಲಿ 30,000ಕ್ಕೂ ಮಿಕ್ಕ ಹವ್ಯಾಸಿಗಳು ಬರೆದಿಟ್ಟ ಲೆಕ್ಕದಿಂದ 2023ರಲ್ಲಿ ಸಿದ್ಧವಾದ ವರದಿಯು, ಕರ್ನಾಟಕದ ರಾಜ್ಯಪಕ್ಷಿಯೂ ಹೊಲದ ಹುಳುಗಳನ್ನು ಹಿಡಿದು ತಿನ್ನುವುದೂ ಆದ ನೀಲಕಂಠವು ಗಣನೀಯವಾಗಿ ಕಡಮೆಯಾಗಿದೆಯೆಂದು ತಿಳಿಸುತ್ತದೆ.

ಆದಕಾರಣ ಗ್ರಾಮದ ಹಿರಿಯರೂ ಜಮೀನುದಾರರೂ ಗಮನಿಸತಕ್ಕ ಅಂಶಗಳು ಮೂರು. ಹುಳು ಕಂಡಲ್ಲದೆ ಔಷಧಿ ಸಿಂಪಡಿಸಬಾರದು. ಕಡಲೆ ಮುಂತಾದ ಪೈರುಗಳಲ್ಲಿ ಕಾಜಾಣವೇ ಮೊದಲಾದ ಹಕ್ಕಿಗಳು ಕುಳಿತು ಕಾಯಿಕೊರಕ ಹುಳುವನ್ನು ಹಿಡಿಯಲು ಅಲ್ಲಲ್ಲಿ ಅಡ್ಡಕಡ್ಡಿ ಕಟ್ಟಿದ ಕೋಲುಗಳನ್ನು ನೆಡಿಸಬೇಕು. ಊರಿನ ನಿವೃತ್ತ ಉಪಾಧ್ಯಾಯರನ್ನೂ ಶಾಲೆಯ ಮಕ್ಕಳನ್ನೂ ಕೂಡಿಸಿ, ಪ್ರತಿ ವರ್ಷವೂ ಒಂದೇ ತಿಂಗಳಿನಲ್ಲಿ, ಒಂದೇ ದಾರಿಯಲ್ಲಿ, ಬೆಳಗಿನ ಹೊತ್ತು ಹಕ್ಕಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡಿಸಬೇಕು. ಇದಕ್ಕೆ ತಗಲುವ ಖರ್ಚು ಒಂದು ನೋಟುಪುಸ್ತಕದ ಬೆಲೆ ಮಾತ್ರ. ಹತ್ತು ವರ್ಷಗಳಾದ ಮೇಲೆ ತಮ್ಮ ಹೊಲಗಳಲ್ಲಿ ಉಳಿದಿರುವುದೇನು, ಹೋದುದೇನು ಎಂಬುದನ್ನು ಊರಿನವರು ಅದರಿಂದಲೇ ತಿಳಿಯಬಹುದು.