ಧನಸಂಗ್ರಹದ ಧರ್ಮ

ಲೋಕಹಿತದ ಸಂಸ್ಥೆಗಳಿಗೆ ವಂತಿಗೆ ಕೂಡಿಸುವ ಬಗೆಯನ್ನು ಹೇಳಿಕೊಡುವುದೇ ಈಗ ಒಂದು ವೃತ್ತಿಯಾಗಿದೆ. ಅಮೆರಿಕದಲ್ಲಿ ಇದು ಶತಮಾನಕ್ಕೂ ಹಳೆಯದು. ಅಲ್ಲಿಯ ಸಲಹಾಗಾರ ಸಂಸ್ಥೆಗಳು 1935ರಲ್ಲಿಯೇ ಸಂಘ ಕಟ್ಟಿಕೊಂಡವು. 1960ರಲ್ಲಿ ಹುಟ್ಟಿದ ಧನಸಂಗ್ರಾಹಕರ ಸಂಘದ ನೀತಿಸಂಹಿತೆಯಂತೂ, ಕೂಡಿದ ಹಣದಲ್ಲಿ ಶೇಕಡಾವಾರು ಪಾಲು ಪಡೆಯುವುದನ್ನು ನಿಷೇಧಿಸಿದೆ.

ಇದರ ಮರ್ಮವೇನು? ಪಾಲಿಗೆ ದುಡಿಯುವವನ ಕಣ್ಣು ಮೊತ್ತದ ಮೇಲಿರುವುದೇ ಹೊರತು ಕಾರ್ಯದ ಮೇಲಲ್ಲ. ಅವನು ದಾತನನ್ನು ಪೀಡಿಸಿ ಇಂದು ನೂರು ತಂದು, ನಾಳೆ ಬರಬಹುದಾದ ಸಾವಿರವನ್ನು ಕೆಡಿಸುವನು. ಅನಾಥರ ಅನ್ನಕ್ಕೆಂದು ಕೊಟ್ಟ ರೂಪಾಯಿಯಲ್ಲಿ ದಲ್ಲಾಳಿಯ ಪಾಲಿದೆಯೆಂದು ತಿಳಿದರೆ ಕೊಡುವ ಕೈ ಹಿಂದೆಗೆಯದೆ?

ನಮ್ಮ ದೇಶದಲ್ಲಿಯೂ, ದೊಡ್ಡ ಕಂಪೆನಿಗಳು ಸರಾಸರಿ ಲಾಭದ ಶೇಕಡ 2ನ್ನು ಲೋಕಹಿತಕ್ಕೆ ವ್ಯಯಿಸಬೇಕೆಂದು 2013ರ ಕಂಪೆನಿ ಕಾಯಿದೆಯು ವಿಧಿಸಿದ ಮೇಲೆ, ಈ ವೃತ್ತಿಗೆ ಅವಕಾಶ ಹೆಚ್ಚಿದೆ. ಆದುದರಿಂದ ಇಲ್ಲಿ ಬೆಳೆಯುತ್ತಿರುವ ಸಲಹಾ ಸಂಸ್ಥೆಗಳಿಗೆ ನಾವು ಹೇಳುವುದಿಷ್ಟೆ: ಹೊಸ ಗಿರಾಕಿಗಳನ್ನು ಒಪ್ಪಿಕೊಳ್ಳುವ ಮುನ್ನ ನಿಮ್ಮ ಧ್ಯೇಯವನ್ನು ತಿದ್ದಿ ಬರೆದುಕೊಳ್ಳಿರಿ. ಯಾರ ಕೆಲಸವನ್ನು ಒಲ್ಲೆವು, ಯಾವ ಹಣವನ್ನು ಮುಟ್ಟೆವು ಎಂಬುದು ಅದರಲ್ಲಿ ಮೊದಲಿರಲಿ. ನಿಮ್ಮ ಬಂಡವಾಳವು ಜನರ ವಿಶ್ವಾಸವೊಂದೇ. ಅದು ನಿಮ್ಮ ಸ್ವತ್ತಲ್ಲ, ನಿಮ್ಮಲ್ಲಿ ಇಟ್ಟ ನ್ಯಾಸ.