ವಿಕಿರಣ ತಾಗದ ಕೋಶದಲ್ಲೂ ವಿಕಿರಣದ ಗುರುತು

ವಿಕಿರಣ ಚಿಕಿತ್ಸೆಯನ್ನು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಅಬ್ಬಿಗೇರಿ, ನರೇಗಲ್ಲ ಕಡೆಯ ಕ್ಯಾನ್ಸರ್ ರೋಗಿಗಳು ಇದಕ್ಕಾಗಿ ಗದಗ ದಾಟಿ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಗೋ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವುದುಂಟು. ಮರಳಿ ಬಂದವರ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಆ ‘ಕರೆಂಟ್’ ಮೈಯಲ್ಲಿ ಉಳಿಯುತ್ತದೆಯೇ, ಮಕ್ಕಳಿಗೆ ತಗಲುತ್ತದೆಯೇ? ಯಂತ್ರದಿಂದ ಹೊರಗಿನಿಂದ ನೀಡುವ ಚಿಕಿತ್ಸೆಯಲ್ಲಿ ಕಿರಣ ನಿಂತೊಡನೆ ವಿಕಿರಣವೂ ನಿಲ್ಲುತ್ತದೆ. ರೋಗಿಯ ದೇಹದಿಂದ ಏನೂ ಹೊರಸೂಸುವುದಿಲ್ಲ. ಆದರೆ ಇದೇ ಪ್ರಶ್ನೆಯನ್ನು ದೇಹದೊಳಗಿನ ಜೀವಕೋಶಗಳ ಕುರಿತು ಕೇಳಿದರೆ ಉತ್ತರ ಅಷ್ಟು ಸರಳವಲ್ಲ.

ಕಿರಣವು ಕೋಶದ ಡಿಎನ್‌ಎ ಎಳೆಗಳನ್ನು ಕಡಿಯುತ್ತದೆ. ಕಡಿದದ್ದು ಕೂಡಿಕೊಳ್ಳುತ್ತದೆ, ಇಲ್ಲವೇ ಕೋಶ ಸಾಯುತ್ತದೆ, ಇಲ್ಲವೇ ದೋಷ ಉಳಿಯುತ್ತದೆ. ಕಿರಣ ತಾಗದ ಕೋಶಕ್ಕೆ ಬಾಧೆಯಿಲ್ಲ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 1992ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ನಾಗಸಾವ ಮತ್ತು ಲಿಟ್ಲ್ ಪ್ರಕಟಿಸಿದ ಪ್ರಯೋಗ ಅದನ್ನು ಅಲುಗಾಡಿಸಿತು. ಆಲ್ಫಾ ಕಣ ಹಾದುಹೋದದ್ದು ನೂರರಲ್ಲಿ ಒಂದಕ್ಕಿಂತ ಕಡಿಮೆ ಕೋಶಗಳ ಮೂಲಕ. ವರ್ಣತಂತುಗಳಲ್ಲಿ ಬದಲಾವಣೆ ಕಂಡದ್ದು ಸುಮಾರು ಮೂವತ್ತರಲ್ಲಿ. 1997ರಲ್ಲಿ ಡಬ್ಲಿನ್‌ನ ಮದರ್‌ಸಿಲ್ ಮತ್ತು ಸೀಮೋರ್ ವಿಕಿರಣಕ್ಕೊಳಗಾದ ಕೋಶಗಳು ಬೆಳೆದಿದ್ದ ದ್ರವವನ್ನಷ್ಟೇ ತೆಗೆದು ಬೇರೆ ಕೋಶಗಳ ಮೇಲೆ ಹಾಕಿದರು. ಅವುಗಳಲ್ಲೂ ಕೆಲವು ಸತ್ತವು. ಪೆಟ್ಟು ತಿಂದ ಕೋಶ ನೆರೆಯ ಕೋಶಗಳಿಗೆ ರಾಸಾಯನಿಕ ಸಂದೇಶ ಕಳುಹಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಇದಕ್ಕೆ ‘ಬೈಸ್ಟ್ಯಾಂಡರ್ ಪರಿಣಾಮ’ ಎಂಬ ಹೆಸರು ಬಂತು.

ಸಂದೇಶ ಬೇಗ ಕರಗಿಹೋಗುತ್ತದೆ. ಆದರೂ ಪರಿಣಾಮ ಕೋಶದ ಹಲವು ತಲೆಮಾರುಗಳ ಬಳಿಕ ಕಾಣಿಸಿಕೊಳ್ಳುವುದು ಹೇಗೆ? ಡಿಎನ್‌ಎಯ ಅಕ್ಷರಗಳೇ ಬದಲಾಗಿವೆ ಎನ್ನಲು ಬಾಧಿತ ಕೋಶಗಳ ಸಂಖ್ಯೆ ತೀರಾ ಹೆಚ್ಚು. ಇಲ್ಲಿ ನೆರವಿಗೆ ಬರುವುದೇ ಎಪಿಜೆನೆಟಿಕ್ಸ್, ಅಂದರೆ ಅಕ್ಷರ ಬದಲಾಗದೆ ಅದರ ಓದು ಬದಲಾಗುವ ಬಗೆಯ ಅಧ್ಯಯನ.

ನಮ್ಮ ಕಡೆಯ ಹಿರಿಯರಿಗೆ ಹಗೇವು ಗೊತ್ತು. ನೆಲದಡಿಯ ಆ ಕಣಜದಲ್ಲಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಒಳಗೇ ಇದ್ದರೂ ಮುಚ್ಚಳ ತೆಗೆಯುವವರೆಗೆ ಬಳಕೆಗೆ ಬಾರದು. ಡಿಎನ್‌ಎ ಮೇಲೆ ಕೂರುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಇಂಥದೇ ಮುಚ್ಚಳ. ಕೋಶ ಒಡೆದು ಎರಡಾದಾಗ ಡಿಎನ್‌ಎಯೊಂದಿಗೆ ಮುಚ್ಚಳಗಳ ವಿನ್ಯಾಸವನ್ನೂ ಕಿಣ್ವಗಳು ನಕಲು ಮಾಡುತ್ತವೆ. ಆದ್ದರಿಂದ ಒಮ್ಮೆ ಸಡಿಲಗೊಂಡದ್ದು ಮರಿಕೋಶಗಳಲ್ಲೂ ಸಡಿಲವಾಗಿಯೇ ಉಳಿಯಬಹುದು. ಮುಚ್ಚಿಡಲಾದವುಗಳಲ್ಲಿ ಲೈನ್-1 ಎಂಬ, ತನ್ನ ಪ್ರತಿ ತೆಗೆದು ಬೇರೆಡೆ ಸೇರಿಕೊಳ್ಳಬಲ್ಲ ತುಣುಕುಗಳೂ ಇವೆ. ಅವು ಎಚ್ಚರಗೊಂಡರೆ ಕೋಶದ ಅನುವಂಶೀಯ ಸ್ಥಿರತೆಗೇ ಅಪಾಯ.

ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಓಲ್ಗಾ ಕೊವಾಲ್ಚುಕ್ ಅವರ ತಂಡ 2007ರಲ್ಲಿ ತೋರಿಸಿದ್ದು ಇದನ್ನೇ. ದೇಹವನ್ನೆಲ್ಲ ಮರೆಮಾಡಿ ಇಲಿಗಳ ತಲೆಗೆ ಮಾತ್ರ ವಿಕಿರಣ ನೀಡಲಾಯಿತು. ಏಳು ತಿಂಗಳ ನಂತರವೂ ಕಿರಣ ಮುಟ್ಟದ ಗುಲ್ಮದಲ್ಲಿ ಮೀಥೈಲ್ ಕಡಿಮೆಯಾಗಿತ್ತು, ಲೈನ್-1 ಚುರುಕಾಗಿತ್ತು. ಮರುವರ್ಷ ಇಟಲಿಯ ಸಂಶೋಧಕರು, ತಲೆಯನ್ನು ಮರೆಮಾಡಿ ಉಳಿದ ದೇಹಕ್ಕೆ ವಿಕಿರಣ ನೀಡಿದ ಇಲಿಗಳ ಕಿರುಮಿದುಳಿನಲ್ಲೇ ಗೆಡ್ಡೆ ಬೆಳೆದುದನ್ನು ವರದಿ ಮಾಡಿದರು. ಅವು ಆ ಗೆಡ್ಡೆಗೆ ಸುಲಭವಾಗಿ ತುತ್ತಾಗುವ ವಿಶೇಷ ತಳಿಯ ಇಲಿಗಳು ಎಂಬುದನ್ನು ಮರೆಯಬಾರದು. ಇಂಥ ವರದಿಗಳನ್ನು ಓದಿ ಚಿಕಿತ್ಸೆಯನ್ನೇ ಕೈಬಿಡುವುದು ಆತ್ಮಘಾತುಕ. ದೂರದ ಸಾಧ್ಯತೆಗೆ ಹೆದರಿ ಎದುರಿಗಿರುವ ಗೆಡ್ಡೆಯನ್ನು ಬೆಳೆಯಗೊಟ್ಟಂತೆ.

ಮನುಷ್ಯರ ವಿಷಯದಲ್ಲಿ ಚಿತ್ರ ಬೇರೆಯೇ. ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರಿಗೆ ನಂತರ ಹುಟ್ಟಿದ ಮಕ್ಕಳಲ್ಲಿ ಅನುವಂಶೀಯ ಹಾನಿ ಸ್ಪಷ್ಟವಾಗಿ ಕಂಡುಬಂದಿಲ್ಲ. ಚೆರ್ನೋಬಿಲ್ ವಿಕಿರಣಕ್ಕೆ ಒಳಗಾದ ಪಾಲಕರ ಮಕ್ಕಳ ಡಿಎನ್‌ಎಯಲ್ಲಿ ಹೊಸ ಬದಲಾವಣೆಗಳು ಹೆಚ್ಚಿಲ್ಲವೆಂದು 2021ರ ಅಧ್ಯಯನ ಹೇಳಿತು. ಆದರೆ ಆ ಅಧ್ಯಯನ ಪರಿಶೀಲಿಸಿದ್ದು ಅಕ್ಷರಗಳನ್ನು, ಮುಚ್ಚಳಗಳನ್ನಲ್ಲ. ಸಹಜ ವಿಕಿರಣ ಹೆಚ್ಚಿರುವ ಕೇರಳದ ಕರುನಾಗಪಳ್ಳಿಯ ಸುಮಾರು 70 ಸಾವಿರ ನಿವಾಸಿಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ವರದಿಯಲ್ಲೂ ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ ಪುರಾವೆ ದೊರೆಯಲಿಲ್ಲ.

ಇನ್ನು ಮನೆಯವರ ಆತಂಕ. ಗರ್ಭಕಂಠದ ಕ್ಯಾನ್ಸರಿಗೆ ಒಳಗಿನಿಂದ ವಿಕಿರಣ ನೀಡುವಾಗಲೂ ಸಾಮಾನ್ಯವಾಗಿ ಅದರ ಮೂಲವನ್ನು ಹೊರತೆಗೆದೇ ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಸೇವಿಸಿದವರು ಮಾತ್ರ ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಬೇಕು. ವಿಕಿರಣದ ಕೆಲವು ಪರಿಣಾಮಗಳು ಹತ್ತಾರು ವರ್ಷಗಳ ಮೇಲೂ ತಲೆದೋರಬಹುದಾದ್ದರಿಂದ ಯಾವ ಭಾಗಕ್ಕೆ, ಎಷ್ಟು ಪ್ರಮಾಣದಲ್ಲಿ, ಯಾವ ವರ್ಷ ಚಿಕಿತ್ಸೆ ನೀಡಲಾಯಿತು ಎಂಬ ಆಸ್ಪತ್ರೆಯ ಕಾಗದವನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಮುಂದೆ ಯಾವ ವೈದ್ಯರ ಬಳಿ ಹೋದರೂ ತೋರಿಸಬೇಕು.