ರಬ್ಬರಿನ ಹೊದಿಕೆ: ಕೈತೋಟಕ್ಕೆ ಹಿತವೇ, ಅಹಿತವೇ?

ಮಹಾನಗರದ ಗೃಹಸಂಕೀರ್ಣಗಳಲ್ಲಿ ವಾಸಿಸುವ ಕನ್ನಡಿಗನಿಗೆ ಅಂಗಳವಿಲ್ಲ, ಹಿತ್ತಿಲಿಲ್ಲ. ಆದರೂ ಊರಿನ ನೆನಪು ಬಾಲ್ಕನಿಯ ನಾಲ್ಕು ಕುಂಡಗಳಲ್ಲಿ ಉಳಿದುಕೊಂಡಿರುತ್ತದೆ. ಒಂದರಲ್ಲಿ ತುಳಸಿ, ಇನ್ನೊಂದರಲ್ಲಿ ಕರಿಬೇವು, ಮತ್ತೊಂದರಲ್ಲಿ ದೊಡ್ಡಪತ್ರೆ. ಮೊಮ್ಮಗುವಿಗೆ ಕೆಮ್ಮು ಬಂದಾಗ ಅಜ್ಜಿಯ ಕೈ ಮೊದಲು ಹೋಗುವುದು ಈ ದೊಡ್ಡಪತ್ರೆಯ ಕಡೆಗೆ. ಆದ್ದರಿಂದ ಕುಂಡದ ಮಣ್ಣಿನ ಮೇಲೆ ಏನನ್ನು ಹರಡಬೇಕು ಎಂಬುದು ಅಲಂಕಾರದ ಪ್ರಶ್ನೆ ಮಾತ್ರವಲ್ಲ, ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು.

ಹಳೆಯ ಟಯರುಗಳನ್ನು ಚೂರುಮಾಡಿ, ಉಕ್ಕಿನ ತಂತಿಗಳನ್ನು ಬೇರ್ಪಡಿಸಿ, ಬಣ್ಣ ಕೊಟ್ಟು ಸಿದ್ಧಪಡಿಸಿದ ರಬ್ಬರಿನ ಹೊದಿಕೆಯು ಅಮೆರಿಕದ ಹೂದೋಟಗಳಲ್ಲಿ ಅನೇಕ ವರ್ಷಗಳಿಂದ ಬಳಕೆಯಲ್ಲಿದೆ. ಭಾರತದ ನಗರಗಳಲ್ಲಿಯೂ ಮಕ್ಕಳ ಆಟದ ಸ್ಥಳಗಳಲ್ಲಿ ರಬ್ಬರಿನ ಹಾಸುಗಳು ಕಾಣಸಿಗುತ್ತವೆ. ಇದರ ಗುಣದೋಷಗಳನ್ನು ವಿವೇಚಿಸುವುದು ಉಚಿತ.

ಹೊದಿಕೆಯ ಧರ್ಮ

ಸಸ್ಯದ ಬುಡವನ್ನು ಮುಚ್ಚುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಅಡಕೆ ತೋಟಗಳಿಗೆ ಬೆಟ್ಟದಿಂದ ಹಸಿರು ಸೊಪ್ಪನ್ನೂ ಒಣಗಿದ ದರಕನ್ನೂ ತಂದು ಹರಡುವ ವಾಡಿಕೆ ತಲೆಮಾರುಗಳಿಂದ ನಡೆದುಬಂದಿದೆ. ಇಂಥ ಹೊದಿಕೆಯಿಂದ ನಾಲ್ಕು ಪ್ರಯೋಜನಗಳುಂಟು. ಬಿಸಿಲಿಗೆ ಮಣ್ಣಿನ ತೇವ ಬೇಗನೆ ಆರುವುದಿಲ್ಲ. ಕಳೆ ಹೆಚ್ಚಾಗಿ ಏಳುವುದಿಲ್ಲ. ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗುವುದಿಲ್ಲ. ಕೊನೆಯದಾಗಿ, ಹೊದಿಕೆಯೇ ಕಾಲಕ್ರಮದಲ್ಲಿ ಕೊಳೆತು, ಎರೆಹುಳು ಮತ್ತು ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಗೊಬ್ಬರದ ರೂಪದಲ್ಲಿ ಮಣ್ಣನ್ನು ಸೇರುತ್ತದೆ. ರಬ್ಬರಿನ ಹೊದಿಕೆಯು ಮೊದಲ ಮೂರನ್ನು ತಕ್ಕಮಟ್ಟಿಗೆ ಸಾಧಿಸಬಲ್ಲದು. ನಾಲ್ಕನೆಯದು ಅದರಿಂದ ಸಾಧ್ಯವಿಲ್ಲ.

ಟಯರಿನಲ್ಲಿ ಏನಿದೆ?

ಹಸಿ ರಬ್ಬರು ಬೇಸಿಗೆಯಲ್ಲಿ ಅಂಟುತ್ತದೆ, ಚಳಿಯಲ್ಲಿ ಪೆಡಸಾಗುತ್ತದೆ. ಅದನ್ನು ಗಂಧಕದೊಡನೆ ಕಾಯಿಸಿದರೆ ಈ ದೋಷ ನೀಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಇಂದಿನ ಟಯರಿನಲ್ಲಿ ಗಂಧಕವಲ್ಲದೆ ಕೃತಕ ರಬ್ಬರು, ಇಂಗಾಲದ ಕಪ್ಪುಪುಡಿ, ಖನಿಜ ತೈಲ, ಸತುವಿನ ಆಕ್ಸೈಡ್ ಮೊದಲಾದವು ಸೇರಿರುತ್ತವೆ. ಟಯರಿನ ತೂಕದಲ್ಲಿ ಸತುವಿನ ಪಾಲು ಸುಮಾರು ಶೇಕಡಾ 1ರಿಂದ 2. ಗಾಳಿಯಲ್ಲಿನ ಓಜೋನಿನಿಂದ ಬಿರುಕು ಬಿಡದಿರಲೆಂದು 6ಪಿಪಿಡಿ ಎಂಬ ರಾಸಾಯನಿಕವನ್ನೂ ಬೆರೆಸುತ್ತಾರೆ. ಇವೆಲ್ಲವೂ ಟಯರಿನ ಬಾಳಿಕೆಗಾಗಿ ಸೇರಿಸಿದವು. ಸಸ್ಯದ ಹಿತವನ್ನು ಗಮನಿಸಿ ಸೇರಿಸಿದವಲ್ಲ.

ಗುಣಪಕ್ಷ

ರಬ್ಬರಿನ ಚೂರುಗಳು ಗಾಳಿಗೆ ಸುಲಭವಾಗಿ ಹಾರುವುದಿಲ್ಲ, ಗೆದ್ದಲಿಗೆ ಆಹಾರವಾಗುವುದಿಲ್ಲ, ಪ್ರತಿವರ್ಷ ಹೊಸದಾಗಿ ಹರಡಬೇಕಾಗಿಲ್ಲ. ಬಿದ್ದ ಮಕ್ಕಳಿಗೆ ಪೆಟ್ಟಾಗದಂತೆ ಕಾಪಾಡುವುದರಲ್ಲಿ ಇವುಗಳ ಸಾಮರ್ಥ್ಯ ನಿಜವಾದದ್ದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 6 ಅಂಗುಲ ದಪ್ಪದ ರಬ್ಬರಿನ ಚೂರು 10 ಅಡಿ ಎತ್ತರದಿಂದ ಬೀಳುವ ಮಗುವಿಗೆ ರಕ್ಷಣೆ ಕೊಡಬಲ್ಲದು. 9 ಅಂಗುಲ ಮರಳಿಗೆ ಆ ಶಕ್ತಿ 4 ಅಡಿಯವರೆಗೆ ಮಾತ್ರ.

ದೋಷಪಕ್ಷ

ಮೊದಲನೆಯ ದೋಷ ಸತುವಿಗೆ ಸಂಬಂಧಿಸಿದುದು. ಅಲ್ಪ ಪ್ರಮಾಣದ ಸತು ಸಸ್ಯಕ್ಕೂ ಮನುಷ್ಯನಿಗೂ ಅವಶ್ಯಕ. ಆದರೆ ರಬ್ಬರು ಹಳತಾದಂತೆ ಮಳೆನೀರಿನೊಡನೆ ಸತು ಕರಗಿ ಇಳಿಯುತ್ತದೆ. ಆಮ್ಲಗುಣದ ಮಣ್ಣಿನಲ್ಲಿ ಅದು ಬೇರಿಗೆ ಇನ್ನಷ್ಟು ಸುಲಭವಾಗಿ ದೊರೆಯುತ್ತದೆ. ಸತು ಮಿತಿಮೀರಿದರೆ ಸಸ್ಯವು ಕಬ್ಬಿಣವನ್ನು ಸರಿಯಾಗಿ ಹೀರಲಾರದು. ಎಳೆಯ ಎಲೆಗಳು ಹಳದಿಯಾಗಿ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ವಿಶಾಲವಾದ ಹೊಲದಲ್ಲಿ ಚದುರಿಹೋಗಬಹುದಾದುದು ಕುಂಡದ ಹಿಡಿಮಣ್ಣಿನಲ್ಲಿ ಶೇಖರವಾಗುವ ಸಂಭವವುಂಟು.

ಎರಡನೆಯದು ಬೆಂಕಿಯ ಭಯ. 2003ರಲ್ಲಿ ಅಮೆರಿಕದಲ್ಲಿ 13 ಬಗೆಯ ಹೊದಿಕೆಗಳಿಗೆ ಬೆಂಕಿ ಸೋಕಿಸಿ ಪರೀಕ್ಷಿಸಿದ ವರದಿ ಪ್ರಕಟವಾಯಿತು. ಸುಲಭವಾಗಿ ಹೊತ್ತಿಕೊಂಡವುಗಳ ಸಾಲಿನಲ್ಲಿ ರಬ್ಬರಿನ ಚೂರು ಸೇರಿತ್ತು. ಉರಿಯುವ ರಬ್ಬರನ್ನು ಆರಿಸುವುದು ಕಷ್ಟ. ಅದರ ದಟ್ಟ ಹೊಗೆ ಶ್ವಾಸಕೋಶಕ್ಕೆ ಅಪಾಯಕರ. ದೀಪಾವಳಿಯ ಪಟಾಕಿಯ ಕಿಡಿ ಹಾರಿಬರುವ ಬಾಲ್ಕನಿಗಳಲ್ಲಿ ಇದು ಮರೆಯತಕ್ಕ ವಿಷಯವಲ್ಲ.

ಮೂರನೆಯದಾಗಿ, ರಬ್ಬರು ಕೊಳೆಯದಿದ್ದರೂ ಸವೆಯುತ್ತದೆ. ಬಿಸಿಲಿಗೆ ಪುಡಿಯಾದ ಕಣಗಳು ಮಣ್ಣಿನೊಡನೆ ಬೆರೆತರೆ ಅವನ್ನು ಆರಿಸಿ ತೆಗೆಯುವುದು ಅಸಾಧ್ಯಪ್ರಾಯ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು ಕೃತಕ ಹುಲ್ಲಿನ ಕ್ರೀಡಾಂಗಣಗಳಲ್ಲಿ ತುಂಬುವ ರಬ್ಬರಿನಂಥ ಸೂಕ್ಷ್ಮ ಕಣಗಳ ಮಾರಾಟವನ್ನು 2031ರಿಂದ ನಿಲ್ಲಿಸಬೇಕೆಂದು 2023ರಲ್ಲಿ ನಿಯಮ ಮಾಡಿತು.

ಮನೆಯವರ ಆರೋಗ್ಯ

6ಪಿಪಿಡಿಯು ಓಜೋನಿನೊಡನೆ ಸೇರಿ ಬೇರೊಂದು ವಸ್ತುವಾಗುತ್ತದೆ. ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಟಯರಿನಿಂದ ಬಂದ ಈ ವಸ್ತುವೇ ಕಾರಣವೆಂದು ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಪೋಷಕ ದ್ರಾವಣದಲ್ಲಿ ಬೆಳೆಸಿದ ಲೆಟ್ಯೂಸ್ ಸೊಪ್ಪು ಟಯರಿನ ಇಂಥ ರಾಸಾಯನಿಕಗಳನ್ನು ಬೇರಿನ ಮೂಲಕ ಹೀರಿ ಎಲೆಗಳಿಗೆ ಸಾಗಿಸುವುದನ್ನು ತೋರಿಸಿದರು. ಮೀನಿಗಾದದ್ದು ಮನುಷ್ಯನಿಗೂ ಆಗುವುದೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಆದರೆ ತಿನ್ನುವ ಸೊಪ್ಪಿನ ಬುಡದಲ್ಲಿ ಟಯರು ಇರಬಾರದೆಂಬ ಎಚ್ಚರಿಕೆಗೆ ಇಷ್ಟು ಸಾಕು.

ಆಟದ ಬಯಲಿನ ವಿಚಾರ ಸ್ವಲ್ಪ ಭಿನ್ನ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇತರ ಇಲಾಖೆಗಳೊಡನೆ 2016ರಲ್ಲಿ ಕೈಗೊಂಡ ಅಧ್ಯಯನದ ಅಂತಿಮ ಭಾಗ 2024ರಲ್ಲಿ ಹೊರಬಂದಿತು. ಟಯರಿನ ಕಣಗಳಲ್ಲಿ ರಾಸಾಯನಿಕಗಳಿರುವುದು ನಿಜ. ಆದರೆ ಆಟಗಾರರ ದೇಹವನ್ನು ಸೇರುವ ಪ್ರಮಾಣ ಮಿತವಾಗಿರುವಂತೆ ಕಾಣುತ್ತದೆ ಎಂಬುದು ಅದರ ಸಾರಾಂಶ. ಆದ್ದರಿಂದ ಮಕ್ಕಳನ್ನು ಆಟದಿಂದ ತಡೆಯಬೇಕಾಗಿಲ್ಲ. ಆಟ ಮುಗಿದೊಡನೆ ಸೋಪಿನಿಂದ ಕೈ ತೊಳೆಯಿಸುವುದು, ಸಿಕ್ಕಿದ್ದನ್ನು ಬಾಯಿಗಿಡುವ ಹಸುಗೂಸುಗಳನ್ನು ಬಿಡಿ ಚೂರುಗಳ ಮೇಲೆ ಕೂರಿಸದಿರುವುದು, ಸುಡುಬಿಸಿಲಿನಲ್ಲಿ ಕಾದ ರಬ್ಬರಿನ ಮೇಲೆ ಬರಿಗಾಲಿನಲ್ಲಿ ಓಡಾಡದಂತೆ ನೋಡಿಕೊಳ್ಳುವುದು, ಇಷ್ಟು ಅಗತ್ಯ.

ಚೂರುಮಾಡದ ಇಡಿಯ ಟಯರಿಗೆ ಬಣ್ಣ ಬಳಿದು ಗಿಡ ನೆಡುವ ರೂಢಿಯೂ ಉಂಟು. ಅದರ ಒಳಮಡಿಕೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತವರು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನಗಳು ಸಾಕು. ಒಣಗಿದ ಟಯರಿಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ತಾಗಿದಾಗ ಒಡೆಯುತ್ತವೆ.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು?

ಜಾರುಬಂಡೆ, ಉಯ್ಯಾಲೆಗಳ ಕೆಳಗೆ ರಬ್ಬರಿಗೆ ಸ್ಥಾನವುಂಟು. ತುಳಸಿ, ದೊಡ್ಡಪತ್ರೆ, ಕೊತ್ತಂಬರಿ, ಮೆಂತ್ಯ, ಕರಿಬೇವುಗಳ ಬುಡದಲ್ಲಿ ಇಲ್ಲ. ಅಲ್ಲಿಗೆ ಒಣ ಎಲೆ, ಚೆನ್ನಾಗಿ ತೊಳೆದ ತೆಂಗಿನ ನಾರು, ಶೇಂಗಾ ಸಿಪ್ಪೆ, ಭತ್ತದ ಹೊಟ್ಟು ಇವುಗಳಲ್ಲಿ ಯಾವುದಾದರೂ ಆದೀತು. ನೆಲದ ಗಿಡಗಳಿಗೆ 2ರಿಂದ 3 ಅಂಗುಲ, ಕುಂಡಗಳಿಗೆ ಸುಮಾರು 1 ಅಂಗುಲ ಹರಡಿ, ಕಾಂಡಕ್ಕೆ ತಾಗದಂತೆ ಸುತ್ತಲೂ ಸ್ವಲ್ಪ ಜಾಗ ಬಿಡಬೇಕು. ರಬ್ಬರಿಗೆ ಒಂದೇ ಸಲ ಹಣ ತೆತ್ತರೆ ಸಾಕು ಎನ್ನುವವರು ಖರ್ಚಿನ ಪುಟವನ್ನು ಮಾತ್ರ ನೋಡಿರುತ್ತಾರೆ. ಪ್ರತಿವರ್ಷ ಕೊಳೆತು ಮುಗಿಯುವ ಎಲೆಯು ಮಣ್ಣಿನ ಖಾತೆಯಲ್ಲಿ ಜಮೆಯಾಗುತ್ತಿರುತ್ತದೆ.

ಹಳೆಯ ಟಯರುಗಳ ವಿಲೇವಾರಿಗೆ ಬೇರೆ ದಾರಿಗಳಿವೆ. ಅವುಗಳ ಪುಡಿಯನ್ನು ರಸ್ತೆಯ ಡಾಂಬರಿಗೆ ಬೆರೆಸುತ್ತಾರೆ. ಮರುಬಳಕೆಯ ಹೊಣೆಯನ್ನು ಟಯರಿನ ತಯಾರಕರು ಮತ್ತು ಆಮದುದಾರರ ಮೇಲೆ ಹೊರಿಸುವ ನಿಯಮವನ್ನು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಹೊರಡಿಸಿತು. ಆ ಭಾರವನ್ನು ಬಾಲ್ಕನಿಯ ದೊಡ್ಡಪತ್ರೆ ಹೊರಬೇಕಾಗಿಲ್ಲ. ಗೃಹಸಂಕೀರ್ಣದ ಮರಗಳ ಕೆಳಗೆ ಪ್ರತಿದಿನ ಗುಡಿಸಿ ಎಸೆಯುವ ತರಗೆಲೆಯ ಒಂದು ಬುಟ್ಟಿಯನ್ನು ಕೇಳಿ ತಂದರೆ ಮನೆಯ ಕುಂಡಗಳಿಗೆ ಸಾಕು.